ನದಿಮೂಲ ಹುಡುಕಬಾರದು ಅಂತಾರೆ...

ಋಷಿಮೂಲ, ನದಿಮೂಲ ಎರಡನ್ನೂ ಹುಡುಕಿಕೊಂಡು ಹೋಗಬಾರದು ಅಂತ ನಮ್ಮಜ್ಜಿ ಹೇಳುತ್ತಿದ್ದರು. ಋಷಿಗಳ ತಂಟೆಗೆ ನಾನಂತೂ ಹೋದವನಲ್ಲ. ನದಿಯ ವಿಷಯದಲ್ಲಿ ಮಾತ್ರ ಅಜ್ಜಿಯ ಮಾತು ಮೀರಿಬಿಟ್ಟೆ. ಅದರಿಂದ ಏನಾಯಿತು ಅಂತ ಹೇಳುವುದಕ್ಕೇ ಈ ಬರಹ. ಸ್ವಲ್ಪ ಉದ್ದವಾಗಿದೆ, ಕಾಫಿ ಪಕ್ಕದಲ್ಲಿಟ್ಟುಕೊಂಡು ಓದಿ :-)

ಕೆಲಸದ ಮೇಲೆ ಮಿನಿಯಾಪೊಲಿಸ್ಸಿಗೆ ಬಂದು ವರ್ಷವಾಗುತ್ತಾ ಬಂತು. ಊರಿನ ನಡುವೆಯೇ ಮಿಸಿಸಿಪ್ಪಿ ಹರಿಯುತ್ತದೆ. ದಿನವೂ ಸೇತುವೆ ಮೇಲೆ ಹೋಗುವಾಗ ಕಿಟಕಿಯಲ್ಲಿ ನೋಡುತ್ತಿದ್ದ ಆ ಅಗಲವಾದ ನೀರನ್ನು, ಉತ್ತರಕ್ಕೆ ನಾಲ್ಕು ಗಂಟೆ ಕಾರು ಓಡಿಸಿದರೆ ಕಾಲ್ನಡಿಗೆಯಲ್ಲೇ ದಾಟಬಹುದು ಅಂತ ಆಫೀಸಿನಲ್ಲಿ ಒಬ್ಬರು ಹೇಳಿದಾಗ ನಂಬಿಕೆ ಬರಲಿಲ್ಲ. ಮೂರು ದಿನ ರಜೆ ಸೇರಿಕೊಂಡು ಬಂದಾಗ ನಾವು ನಾಲ್ಕು ಜನ ಗೆಳೆಯರು, ಒಂದು ಡಬ್ಬ ಪುಳಿಯೋಗರೆ, ಒಂದು ಡಬ್ಬ ಮೊಸರನ್ನ ಕಟ್ಟಿಕೊಂಡು ಹೊರಟೇಬಿಟ್ಟೆವು.

ಜಾಗದ ಹೆಸರು ಇಟಾಸ್ಕಾ ಸ್ಟೇಟ್ ಪಾರ್ಕ್. ನಮ್ಮಲ್ಲಿ ಪಾರ್ಕು ಅಂದರೆ ಕಲ್ಲುಬೆಂಚು, ಕಾರಂಜಿ ನೆನಪಾಗುತ್ತದೆ. ಇದು ಹಾಗಲ್ಲ, 32 ಸಾವಿರ ಎಕರೆಗಿಂತ ದೊಡ್ಡ ಕಾಡು. ಒಳಗೆ ಸಣ್ಣದು ದೊಡ್ಡದು ಸೇರಿ ನೂರಕ್ಕೂ ಹೆಚ್ಚು ಕೆರೆಗಳು. ಅದರಲ್ಲಿ ದೊಡ್ಡದೇ ಇಟಾಸ್ಕಾ ಸರೋವರ. ಸರೋವರದ ಉತ್ತರದ ತುದಿಯಲ್ಲಿ ಕಲ್ಲುಗಳ ಒಂದು ಸಾಲು. ಆ ಕಲ್ಲುಗಳ ಸಂದಿಯಿಂದ ಗುಳುಗುಳು ಅಂತ ಹೊರಬೀಳುವ ನೀರೇ ಮಿಸಿಸಿಪ್ಪಿ. ಮೊಣಕಾಲಿನಷ್ಟು ಆಳ, ನಮ್ಮೂರ ಗದ್ದೆಯ ಪಕ್ಕದ ಹಳ್ಳಕ್ಕಿಂತ ಸ್ವಲ್ಪ ಅಗಲ, ಅಷ್ಟೇ. ಪಕ್ಕದಲ್ಲಿ ನೆಟ್ಟಿರುವ ಮರದ ಕಂಬದ ಮೇಲೆ ಹಳದಿ ಅಕ್ಷರ ಕೊರೆದಿದ್ದಾರೆ: ಸಮುದ್ರಮಟ್ಟದಿಂದ 1475 ಅಡಿ ಎತ್ತರದ ಈ ಜಾಗದಿಂದ ನದಿ 2552 ಮೈಲಿ ಹರಿದು ಗಲ್ಫ್ ಆಫ್ ಮೆಕ್ಸಿಕೋ ಸೇರುತ್ತದೆ ಅಂತ. ಇಲ್ಲಿಂದ ಹೊರಟ ಒಂದು ಹನಿ ಅಲ್ಲಿಗೆ ತಲುಪಲು ಸುಮಾರು 90 ದಿನ ಬೇಕಂತೆ. ಇನ್ನೊಂದು ತಮಾಷೆ, ದಕ್ಷಿಣಕ್ಕೆ ಹೋಗಬೇಕಾದ ಈ ನದಿ ಹುಟ್ಟಿದ ಕೂಡಲೇ ಉತ್ತರಕ್ಕೆ ಹೊರಡುತ್ತದೆ. ಬೆಮಿಜಿ ಅನ್ನುವ ಊರಿನ ತನಕ ಹೋಗಿ, ಆಮೇಲೆ ಪೂರ್ವಕ್ಕೆ ತಿರುಗಿ, ಕಡೆಗೆ ದಕ್ಷಿಣದ ದಾರಿ ಹಿಡಿಯುತ್ತದೆ. ಮ್ಯಾಪಿನಲ್ಲಿ ನೋಡಿದರೆ ಥೇಟ್ ಪ್ರಶ್ನಾರ್ಥಕ ಚಿಹ್ನೆ!

ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು. ಪ್ಯಾಂಟು ಮಡಚಿ, ಕಲ್ಲಿನಿಂದ ಕಲ್ಲಿಗೆ ಹೆಜ್ಜೆಯಿಟ್ಟು ಮಿಸಿಸಿಪ್ಪಿ ದಾಟಿದೆವು. ಒಬ್ಬ ಜಾರಿ ಬಿದ್ದ (ಅವನ ಹೆಸರು ಬರೆಯುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ). ಅಜ್ಜಂದಿರು, ಕೈಗೂಸು ಎತ್ತಿಕೊಂಡ ತಾಯಂದಿರು, ನಾಯಿ ಹಿಡಿದುಕೊಂಡವರು, ಎಲ್ಲರಿಗೂ ಅದೇ ಸಂಭ್ರಮ. ನನಗೆ ತಲಕಾವೇರಿಯ ಕುಂಡಿಕೆ ನೆನಪಾಯಿತು. ಇಲ್ಲಿ ಅರ್ಚಕರಿಲ್ಲ, ಮಂತ್ರವಿಲ್ಲ, ಆದರೆ ಜನರ ಮುಖದಲ್ಲಿದ್ದದ್ದು ಬೇರೇನೂ ಅಲ್ಲ ಅನ್ನಿಸಿತು. ರಾತ್ರಿ ಫೋನಿನಲ್ಲಿ ಅಮ್ಮ ಕೇಳಿದ ಮೊದಲ ಪ್ರಶ್ನೆ, "ತಲೆ ಮೇಲೆ ಮೂರು ಬೊಗಸೆ ನೀರು ಹಾಕ್ಕೊಂಡ್ಯಾ?"

ಹಾಕಿಕೊಂಡಿದ್ದೆ. ಆದರೆ ವಾಪಸ್ ಬಂದ ಮೇಲೆ ಸುಮ್ಮನಿರಲಾರದೆ ಆ ಜಾಗದ ಇತಿಹಾಸ ಓದಲು ಕೂತೆ. ಅಲ್ಲಿ ಗೊತ್ತಾಗಿದ್ದು: ನಾವು ದಾಟಿದ ಆ ಕಲ್ಲಿನ ಸಾಲು ಪ್ರಕೃತಿ ಜೋಡಿಸಿದ್ದೇ ಅಲ್ಲ! 1930ರ ದಶಕದಲ್ಲಿ ಕೂಲಿಯಾಳುಗಳು ತಂದು ಇಟ್ಟದ್ದು. ಕಲ್ಲುಗಳ ಅಡಿಯಲ್ಲಿ ಇರುವುದು ಕಾಂಕ್ರೀಟಿನ ಒಂದು ಸಣ್ಣ ಕಟ್ಟೆ!

ಒಂದು ಗಳಿಗೆ ಮೋಸ ಹೋದೆ ಅನ್ನಿಸಿತು ನೋಡಿ. ಅದೇ ಸಿಟ್ಟಿನಲ್ಲಿ ಇನ್ನಷ್ಟು ಓದಿದೆ.

ಮಿಸಿಸಿಪ್ಪಿಯ ಮೂಲ ಎಲ್ಲಿ ಅನ್ನುವುದು ಬರೀ ಕುತೂಹಲದ ಪ್ರಶ್ನೆಯಾಗಿರಲಿಲ್ಲ. 1783ರಲ್ಲಿ ಅಮೆರಿಕಕ್ಕೂ ಬ್ರಿಟನ್ನಿಗೂ ಪ್ಯಾರಿಸ್ಸಿನಲ್ಲಿ ಒಪ್ಪಂದವಾಯಿತಲ್ಲ, ಅದರಲ್ಲಿ ಗಡಿಯನ್ನು ಲೇಕ್ ಆಫ್ ದ ವುಡ್ಸ್ ಅನ್ನುವ ಸರೋವರದಿಂದ ನೇರ ಪಶ್ಚಿಮಕ್ಕೆ ಮಿಸಿಸಿಪ್ಪಿಯ ತನಕ ಅಂತ ಬರೆದುಬಿಟ್ಟರು. ತೊಂದರೆ ಏನೆಂದರೆ ನದಿ ಅಷ್ಟು ಉತ್ತರಕ್ಕೆ ಹೋಗುವುದೇ ಇಲ್ಲ! ಆ ಗೆರೆಯನ್ನು ಎಷ್ಟು ಎಳೆದರೂ ನದಿ ಸಿಗುವುದಿಲ್ಲ. ಸ್ಪೆಕ್ ಸರಿಯಾಗಿ ನೋಡದೆ ಸಹಿ ಹಾಕುವುದು ನಮ್ಮ ಕಾಲದ ರೋಗ ಮಾತ್ರ ಅಲ್ಲ ಅಂತ ಸಮಾಧಾನವಾಯಿತು. ಆಮೇಲೆ ಮೂಲ ಹುಡುಕುವವರ ಸಾಲೇ ಹೊರಟಿತು. ಪೈಕ್ ಅನ್ನುವ ಸೇನಾಧಿಕಾರಿ 1806ರಲ್ಲಿ ಲೀಚ್ ಲೇಕ್ ತೋರಿಸಿದ. 1820ರಲ್ಲಿ ಗವರ್ನರ್ ಕ್ಯಾಸ್ ಇನ್ನೊಂದು ಸರೋವರದ ತನಕ ಬಂದು ಸಾಕೆಂದು ಹಿಂತಿರುಗಿದ. ಅದಕ್ಕೆ ಈಗಲೂ ಅವನದೇ ಹೆಸರು. 1823ರಲ್ಲಿ ಬೆಲ್ಟ್ರಾಮಿ ಅನ್ನುವ ಇಟಲಿಯವನೊಬ್ಬ ಬಂದು ಲೇಕ್ ಜೂಲಿಯಾನೇ ಮೂಲ ಅಂದ.

ಕ್ಯಾಸ್ ಜೊತೆ ಬಂದಿದ್ದ ಹೆನ್ರಿ ಸ್ಕೂಲ್‌ಕ್ರಾಫ್ಟ್‌ಗೆ ಮಾತ್ರ ಸಮಾಧಾನ ಆಗಿರಲಿಲ್ಲ. 1832ರಲ್ಲಿ ಮತ್ತೆ ಬಂದ. ಸರಕಾರ ಅವನನ್ನು ಕಳಿಸಿದ್ದು ಓಜಿಬ್ವೆ ಜನರಿಗೂ ಡಕೋಟಾ ಜನರಿಗೂ ನಡುವೆ ರಾಜಿ ಮಾಡಿಸಲು ಮತ್ತು ಓಜಿಬ್ವೆಗಳಿಗೆ ಸಿಡುಬಿನ ಲಸಿಕೆ ಹಾಕಿಸಲು. ಜೊತೆಗಿದ್ದ ಡಾಕ್ಟರ್ ಹೌಟನ್ ಎರಡು ಸಾವಿರಕ್ಕೂ ಹೆಚ್ಚು ಜನಕ್ಕೆ ಲಸಿಕೆ ಹಾಕಿದರು. ನನ್ನ ಲೆಕ್ಕದಲ್ಲಿ ಆ ಪ್ರಯಾಣದ ದೊಡ್ಡ ಕೆಲಸ ಅದೇ. ಆದರೆ ಇತಿಹಾಸದಲ್ಲಿ ಉಳಿದದ್ದು ದಾರಿ ಮಧ್ಯೆ ಬಿಡುವು ಮಾಡಿಕೊಂಡು ಸ್ಕೂಲ್‌ಕ್ರಾಫ್ಟ್ ಹೋಗಿ ಬಂದ ಸರೋವರ. ಅವನನ್ನು ಅಲ್ಲಿಗೆ ಕರೆದುಕೊಂಡು ಹೋದವರು ಓಜಾವಿಂಡಿಬ್ ಅನ್ನುವ ಓಜಿಬ್ವೆ ಮುಖ್ಯಸ್ಥರು. ಓಜಿಬ್ವೆಗಳು ಅದನ್ನು ತಮ್ಮ ಭಾಷೆಯಲ್ಲಿ ಎಲ್ಕ್ ಸರೋವರ ಅಂತ ಕರೆಯುತ್ತಿದ್ದರು. ಎಲ್ಕ್ ಅಂದರೆ ನಮ್ಮ ಕಡವೆಯ ಜಾತಿಯ ದೊಡ್ಡ ಜಿಂಕೆ. ಫ್ರೆಂಚ್ ವ್ಯಾಪಾರಿಗಳೂ ಅದನ್ನೇ ಹೋಲುವ ಒಂದು ಹೆಸರಿನಿಂದ ಕರೆಯುತ್ತಿದ್ದರು. ಅಂದರೆ ಸ್ಕೂಲ್‌ಕ್ರಾಫ್ಟ್ "ಕಂಡುಹಿಡಿದ" ಜಾಗ ಯಾರಿಂದಲೂ ಕಳೆದುಹೋಗಿರಲೇ ಇಲ್ಲ!

ಅವನಿಗೆ ಹೊಸ ಹೆಸರು ಬೇಕಿತ್ತು. ಜೊತೆಗಿದ್ದ ಪಾದ್ರಿ ಬೌಟ್‌ವೆಲ್‌ರನ್ನು "ನಿಜವಾದ ಮೂಲ" ಅನ್ನುವುದಕ್ಕೆ ಲ್ಯಾಟಿನ್ನಿನಲ್ಲಿ ಏನಂತಾರೆ ಅಂತ ಕೇಳಿದ. ಅವರು ವೆರಿಟಾಸ್, ಕಾಪುಟ್ ಅಂತ ಎರಡು ಪದ ಕೊಟ್ಟರು. ಒಂದು ಸತ್ಯ, ಇನ್ನೊಂದು ತಲೆ. ಪುಣ್ಯಾತ್ಮ ಮೊದಲನೆಯದರ ತಲೆ ಕತ್ತರಿಸಿದ, ಎರಡನೆಯದರ ಬಾಲ ಕತ್ತರಿಸಿದ, ಉಳಿದದ್ದನ್ನು ಜೋಡಿಸಿದ: ಇಟಾಸ್ + ಕಾ. ನಾನಂತೂ ಯಾವುದೋ ಬುಡಕಟ್ಟಿನ ಹಳೆಯ ಪದ ಅಂದುಕೊಂಡಿದ್ದೆ. ಹೆಸರು ಕೂಡ ಜೋಡಿಸಿದ್ದೇ!

ಇಷ್ಟಕ್ಕೂ ಜಗಳ ಮುಗಿಯಲಿಲ್ಲ. 1881ರಲ್ಲಿ ವಿಲ್ಲಾರ್ಡ್ ಗ್ಲೇಜಿಯರ್ ಅನ್ನುವ ಮಾಜಿ ಸೈನಿಕ ಬಂದು, ಇಟಾಸ್ಕಾ ಮೂಲವಲ್ಲ, ಅದಕ್ಕೆ ನೀರು ಕೊಡುವ ದಕ್ಷಿಣದ ಪುಟ್ಟ ಕೆರೆಯೇ ಮೂಲ, ಅದರ ಹೆಸರು ಲೇಕ್ ಗ್ಲೇಜಿಯರ್ ಅಂತ ಘೋಷಿಸಿಬಿಟ್ಟ. ಪುಸ್ತಕ ಬರೆದ, ಭಾಷಣ ಮಾಡಿದ, ಕೆಲವು ಮ್ಯಾಪುಗಳಲ್ಲೂ ಆ ಹೆಸರು ಬಂತು. ಆಮೇಲೆ ನೋಡಿದರೆ ಅವನ ಬರಹದ ಕೆಲವು ಭಾಗಗಳು ಸ್ಕೂಲ್‌ಕ್ರಾಫ್ಟ್‌ನ ಪುಸ್ತಕದಿಂದ ಎತ್ತಿದ್ದು! ಕಾಪಿ-ಪೇಸ್ಟ್‌ಗೆ ಕಂಪ್ಯೂಟರೇ ಬೇಕು ಅಂತೇನಿಲ್ಲ.

ಈ ಗಲಾಟೆಯಿಂದ ಒಂದು ಒಳ್ಳೆಯದಾಯಿತು. ಮಿನ್ನೆಸೋಟಾದ ಹಿಸ್ಟಾರಿಕಲ್ ಸೊಸೈಟಿಯವರು ಸತ್ಯ ಏನೆಂದು ಅಳೆದು ಬಾ ಅಂತ ಜೇಕಬ್ ಬ್ರೋವರ್ ಅನ್ನುವವರನ್ನು 1889ರಲ್ಲಿ ಕಳಿಸಿದರು. ಬ್ರೋವರ್ ಆ ಕೆರೆಗಳು, ತೊರೆಗಳು, ಜೌಗು ಎಲ್ಲವನ್ನೂ ಅಳೆದು, ಮೂಲದ ಗೌರವ ಇಟಾಸ್ಕಾದ್ದೇ ಅಂದರು. ನಿಜ ಹೇಳಬೇಕೆಂದರೆ ಗ್ಲೇಜಿಯರ್ ಪೂರ್ತಿ ತಪ್ಪೂ ಅಲ್ಲ. ಇಟಾಸ್ಕಾಕ್ಕೆ ನೀರು ತರುವ ತೊರೆಗಳು ಇದ್ದೇ ಇವೆ, 1836ರಲ್ಲೇ ನಿಕೊಲೆ ಅನ್ನುವ ಫ್ರೆಂಚ್ ವಿಜ್ಞಾನಿ ಅವನ್ನು ನೋಡಿ ಬರೆದಿದ್ದ. ಯಾವ ತೊರೆಯನ್ನು ನದಿ ಅನ್ನಬೇಕು ಅನ್ನುವುದು ಕೊನೆಗೂ ಮನುಷ್ಯ ಎಳೆಯುವ ಗೆರೆ. ಅಜ್ಜಿಯ ಗಾದೆಯ ಒಳಗುಟ್ಟು ಇದೇ ಇರಬೇಕು.

ಅಳೆಯಲು ಹೋದ ಬ್ರೋವರ್ ಅಲ್ಲಿನ ಮರಗಳನ್ನು ನೋಡಿದರು. ಆ ಕಾಲಕ್ಕೆ ಉತ್ತರ ಮಿನ್ನೆಸೋಟಾದ ಪೈನ್ ಕಾಡುಗಳನ್ನು ಮರದ ಕಂಪನಿಗಳು ಬೋಳಿಸುತ್ತಾ ಬರುತ್ತಿದ್ದವು. ಇಟಾಸ್ಕಾದ ಸರದಿಯೂ ದೂರವಿರಲಿಲ್ಲ. ಬ್ರೋವರ್ ಹಟ ಹಿಡಿದು ಓಡಾಡಿದರು. 1891ರ ಏಪ್ರಿಲ್ 20ರಂದು ಇಟಾಸ್ಕಾ ಸ್ಟೇಟ್ ಪಾರ್ಕ್ ಕಾನೂನಾಯಿತು. ಶಾಸನಸಭೆಯಲ್ಲಿ ಅದು ಗೆದ್ದದ್ದು ಎಷ್ಟು ವೋಟಿನಿಂದ ಗೊತ್ತಾ? ಒಂದೇ ಒಂದು. ಆ ಒಬ್ಬ ಮಹಾಶಯ ಅವತ್ತು ನೆಗಡಿ ಅಂತ ಮನೆಯಲ್ಲಿ ಮಲಗಿದ್ದರೆ ನಮಗೆ ಪುಳಿಯೋಗರೆ ತಿನ್ನಲು ಬೇರೆ ಮರದ ನೆರಳು ಹುಡುಕಬೇಕಿತ್ತು.

ಆದರೆ ಕಾನೂನು ಬಂದ ಮಾತ್ರಕ್ಕೆ ಕಾಡು ಉಳಿಯುತ್ತದೆಯೇ? ಮ್ಯಾಪಿನಲ್ಲಿ ಪಾರ್ಕಿನ ಗೆರೆ ಎಳೆದರು, ಗೆರೆಯ ಒಳಗಿನ ಜಮೀನಿನಲ್ಲಿ ಬಹುಪಾಲು ಕಂಪನಿಗಳ, ಖಾಸಗಿಯವರ ಕೈಯಲ್ಲೇ ಇತ್ತು. ಕೊಂಡುಕೊಳ್ಳಲು ಸರಕಾರ ದುಡ್ಡು ಬಿಚ್ಚಲಿಲ್ಲ. ಮೊದಲ ಕಮಿಷನರ್ ಆದ ಬ್ರೋವರ್ ತಮ್ಮ ಕೈಲಾದಷ್ಟು ಜಮೀನು ಸೇರಿಸಿ ಹುದ್ದೆಯಿಂದ ಹೊರಬಂದರು. ಪಾರ್ಕಿನ ಒಳಗೇ ಕೊಡಲಿ, ಗರಗಸದ ಸದ್ದು ಶುರುವಾಯಿತು.

ಈಗ ಈ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ. 1903ರಲ್ಲಿ ಪಾರ್ಕಿನ ಕಮಿಷನರ್ ಆಗಿದ್ದ ಜಾನ್ ಗಿಬ್ಸ್ ತೀರಿಕೊಂಡರು. ಅವರ ಜಾಗಕ್ಕೆ ಮಗಳು ಮೇರಿ ಗಿಬ್ಸ್‌ಳನ್ನೇ ನೇಮಿಸಿದರು. ವಯಸ್ಸು 24. ಹೆಂಗಸರಿಗೆ ವೋಟು ಹಾಕುವ ಹಕ್ಕೂ ಪೂರ್ತಿ ಇಲ್ಲದ ಕಾಲ ಅದು. ನಾನು 24ರಲ್ಲಿ ಏನು ಮಾಡುತ್ತಿದ್ದೆ ಅಂತ ನೆನೆಸಿಕೊಂಡೆ. ಟೆಸ್ಟಿಂಗ್ ಟೀಮಿನವರ ಈಮೇಲಿಗೆ ಹೆದರಿಕೊಂಡು ಕೂತಿದ್ದೆ!

ಆ ವರ್ಷ ಮರದ ಕಂಪನಿಯವರು ಸರೋವರದ ನೀರು ಹೊರಹೋಗುವ ಹೊಳೆಗೆ ಅಡ್ಡವಾಗಿ ಒಡ್ಡು ಕಟ್ಟಿದ್ದರು. ಇದರ ಲೆಕ್ಕಾಚಾರ ಸರಳ. ಚಳಿಗಾಲದಲ್ಲಿ ಕಡಿದ ದಿಮ್ಮಿಗಳನ್ನು ಮಿಲ್ಲಿಗೆ ಸಾಗಿಸಲು ನದಿಯೇ ರಸ್ತೆ. ಹೊಳೆ ಇಲ್ಲಿ ಮೊಣಕಾಲುದ್ದ, ದಿಮ್ಮಿ ತೇಲುವಷ್ಟು ನೀರಿಲ್ಲ. ಅದಕ್ಕೆ ಒಡ್ಡು ಕಟ್ಟಿ ನೀರು ನಿಲ್ಲಿಸುವುದು, ದಿಮ್ಮಿ ತಂದು ಹಾಕುವುದು, ತೂಬು ಎತ್ತಿಬಿಡುವುದು. ನುಗ್ಗುವ ನೀರಿನ ಜೊತೆ ದಿಮ್ಮಿಗಳೂ ಹೊರಟವು. ಆದರೆ ನೀರು ನಿಂತಿರುವಷ್ಟು ದಿನ ಸರೋವರದ ಮಟ್ಟ ಏರುತ್ತದೆ. ದಡದ ಮರಗಳ ಬೇರು ಮುಳುಗುತ್ತದೆ. ಉಸಿರುಗಟ್ಟಿ ಆ ಮರಗಳು ನಿಂತಲ್ಲೇ ಸಾಯುತ್ತವೆ. ಅಂದರೆ ಕಂಪನಿ ತನ್ನ ಜಾಗದ ಮರ ಕಡಿಯುವುದಲ್ಲದೆ ಪಾರ್ಕಿನ ಮರಗಳನ್ನೂ ಕೊಡಲಿ ಮುಟ್ಟಿಸದೆ ಕೊಲ್ಲುತ್ತಿತ್ತು.

ತೂಬು ತೆಗೆಯಿರಿ ಅಂತ ಮೇರಿ ಹೇಳಿದಳು. ಕೇಳಲಿಲ್ಲ. ಕೊನೆಗೆ ಪೊಲೀಸಿನವನನ್ನು ಕರೆದುಕೊಂಡು ಒಡ್ಡಿನ ಹತ್ತಿರ ಹೋದಳು. ಅಲ್ಲಿ ಕಂಪನಿಯ ಜನ ಬಂದೂಕು ಹಿಡಿದು ನಿಂತಿದ್ದರು. ತೂಬಿಗೆ ಕೈ ಹಾಕಿದವರನ್ನು ಸುಟ್ಟುಬಿಡುತ್ತೇವೆ ಅಂದರು. ಜೊತೆಗೆ ಬಂದಿದ್ದ ಗಂಡಸರು ಹಿಂದೆ ಮುಂದೆ ನೋಡುತ್ತಿರುವಾಗ, ಕೈ ನಾನೇ ಹಾಕುತ್ತೇನೆ ಅಂತ ಮೇರಿ ಮುಂದೆ ಬಂದಳು. ಬಂದೂಕು ಹಾರಲಿಲ್ಲ.

ಇದು ಸಿನಿಮಾ ಆಗಿದ್ದರೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಗುಂಡು ಹಾರಿಸಲಾಗದ ಕಂಪನಿ ಕೋರ್ಟು, ಕಚೇರಿಗಳ ದಾರಿ ಹಿಡಿಯಿತು. ಮೇರಿಯ ಕೈಗಳನ್ನು ಕಾಗದದಿಂದಲೇ ಕಟ್ಟಿಹಾಕಿದರು. ಕೆಲವೇ ತಿಂಗಳಲ್ಲಿ ಅವಳು ಆ ಹುದ್ದೆಯಲ್ಲಿ ಇರಲಿಲ್ಲ. ಪಾರ್ಕಿನೊಳಗಿನ ಮರ ಕಡಿತ ಪೂರ್ತಿ ನಿಂತದ್ದು 1920ರ ಹೊತ್ತಿಗೆ. ಹಾಗಾದರೆ ಅವಳು ಸೋತಳೇ? ಆ ದಿನದ ಲೆಕ್ಕದಲ್ಲಿ ಸೋತಳು ಅಂತಲೇ ಹೇಳಬೇಕು. ಆದರೆ ಪಾರ್ಕಿನ ಮರಗಳ ಪರವಾಗಿ ಆ ವರ್ಷಗಳಲ್ಲಿ ಎದ್ದ ಗಲಾಟೆಯಿಂದಲೇ ಒಂದಷ್ಟು ಹಳೆಯ ಮರಗಳ ಗುಂಪು ಉಳಿಯಿತು. ಅಟಾರ್ನಿ ಜನರಲ್ ಆಗಿದ್ದ ವ್ಯಾಲೇಸ್ ಡಗ್ಲಸ್ ಕೂಡ ಮರಗಳ ಪರ ನಿಂತರು. 1905ರಲ್ಲಿ ಕಟ್ಟಿದ, ಈಗಲೂ ಜನ ತಂಗುವ ಡಗ್ಲಸ್ ಲಾಡ್ಜಿಗೆ ಅವರದೇ ಹೆಸರು. ನದಿಮೂಲದ ಪಕ್ಕದ ಮಾಹಿತಿ ಕೇಂದ್ರಕ್ಕೆ ಮೇರಿ ಗಿಬ್ಸ್ ಹೆಸರಿಟ್ಟಿದ್ದಾರೆ. ನಾವು ಆ ಹೆಸರಿನ ಕೆಳಗೇ ನಿಂತು ಐಸ್‌ಕ್ರೀಂ ತಿಂದಿದ್ದೆವು, ಯಾರು ಏನು ಅಂತ ಒಬ್ಬರೂ ಕೇಳಲಿಲ್ಲ. ಕಡಿದವರ ಪರವಾಗಿ ಬೆಮಿಜಿಯಲ್ಲಿ ಪಾಲ್ ಬನ್ಯನ್ ಇದ್ದಾನೆ, ಕಥೆಗಳ ದೈತ್ಯ ಮರಕಡುಕ. 1937ರಿಂದ ಅವನ ದೊಡ್ಡ ಪ್ರತಿಮೆ ಅಲ್ಲಿ ನಿಂತಿದೆ. ಅವನ ಪಕ್ಕ ನಿಂತೂ ಫೋಟೋ ತೆಗೆಸಿಕೊಂಡೆವು ಬಿಡಿ.

ಇನ್ನು ಆ ಕಲ್ಲುಗಳ ವಿಷಯ. 1929ರ ನಂತರ ಅಮೆರಿಕದಲ್ಲಿ ಕೆಲಸವೇ ಇಲ್ಲದ ಕಾಲ. 1933ರಲ್ಲಿ ರೂಸ್‌ವೆಲ್ಟ್ ಸರಕಾರ ಸಿ.ಸಿ.ಸಿ. ಅನ್ನುವ ಯೋಜನೆ ಶುರು ಮಾಡಿತು. ಕೆಲಸವಿಲ್ಲದ ಹುಡುಗರನ್ನು ಕಾಡುಗಳಲ್ಲಿ ಕ್ಯಾಂಪು ಹಾಕಿಸಿ ರಸ್ತೆ, ಕಾಲುದಾರಿ, ಕಟ್ಟಡ ಮಾಡಿಸುವುದು, ಗಿಡ ನೆಡಿಸುವುದು. ತಿಂಗಳಿಗೆ 30 ಡಾಲರ್ ಸಂಬಳ, ಅದರಲ್ಲಿ 25 ಡಾಲರ್ ನೇರ ಮನೆಗೆ. ದೂರದೂರಿನಲ್ಲಿ ದುಡಿದು ಮನೆಗೆ ದುಡ್ಡು ಕಳಿಸುವ ಹುಡುಗರು ಅಂದಾಗ ನನಗೆ ಏನೋ ಒಂಥರಾ ಹತ್ತಿರದವರು ಅನ್ನಿಸಿದರು. ಇಟಾಸ್ಕಾದಲ್ಲಿ ಇವರು 1934ರಲ್ಲಿ ಮುಗಿಸಿದ ಒಂದು ಮರದ ಮನೆ ಇದೆ, ಓಲ್ಡ್ ಟೈಮರ್ಸ್ ಕ್ಯಾಬಿನ್. ಗಾಳಿಗೆ ಬಿದ್ದ ಮರಗಳಿಂದ ಕಟ್ಟಿದ್ದು. ದಿಮ್ಮಿಗಳು ಎಷ್ಟು ದಪ್ಪ ಅಂದರೆ ನಾಲ್ಕು ದಿಮ್ಮಿ ಒಂದರ ಮೇಲೊಂದು ಇಟ್ಟರೆ ಗೋಡೆಯೇ ಮುಗಿಯಿತು!

ಆ ಹೊತ್ತಿಗೆ ನದಿಯ ಬಾಯಿ ಕೆಸರು ಜೌಗಾಗಿತ್ತು. ನೀರು ಎಲ್ಲಿ ಕೆರೆ, ಎಲ್ಲಿ ಹೊಳೆ ಅಂತ ತಿಳಿಯುತ್ತಿರಲಿಲ್ಲ. ಮಿಸಿಸಿಪ್ಪಿಯಂಥ ನದಿಯ ಹುಟ್ಟು ನೋಡಲು ಅಷ್ಟು ದೂರ ಬಂದವರು ಹೀಗೆ ಕೆಸರು ನೋಡಿ ಹೋಗುವುದೇ ಅನ್ನಿಸಿರಬೇಕು. ಜೌಗನ್ನು ಒಣಗಿಸಿದರು, ಮಣ್ಣು ತುಂಬಿಸಿದರು, ನದಿಗೆ ಹೊಸ ಕಾಲುವೆ ತೋಡಿದರು, ಬಾಯಲ್ಲಿ ಕಾಂಕ್ರೀಟು ಹಾಕಿ ಮೇಲೆ ಕಲ್ಲು ಜೋಡಿಸಿದರು. ನಾವು ಗುಳುಗುಳು ಅಂತ ಕೇಳಿದ್ದು ಅವರು ಕಟ್ಟಿದ ಸಂಗೀತ.

ಒಂದೇ ಹೊಳೆಗೆ ಮೂವತ್ತು ಚಿಲ್ಲರೆ ವರ್ಷಗಳ ಅಂತರದಲ್ಲಿ ಎರಡು ಒಡ್ಡು. ಒಂದನ್ನು ತೆಗೆಸಲು ಒಬ್ಬ ಹುಡುಗಿ ಬಂದೂಕಿನ ಮುಂದೆ ನಿಂತಳು. ಇನ್ನೊಂದರ ಮೇಲೆ ನಾವೆಲ್ಲ ಕುಣಿಯುತ್ತಾ ದಾಟುತ್ತೇವೆ. ಎರಡೂ ನೀರನ್ನು ಮನುಷ್ಯರಿಗೆ ಬೇಕಾದ ಹಾಗೆ ತಿರುಗಿಸಿದ್ದೇ. ಆದರೂ ನನಗೆ ಎರಡೂ ಒಂದೇ ಅನ್ನಿಸುವುದಿಲ್ಲ. ಮೊದಲನೆಯದು ಒಂದು ಕಂಪನಿಗಾಗಿ ಮರಗಳನ್ನು ಮುಳುಗಿಸಿತು, ಎರಡನೆಯದು ಎಲ್ಲರನ್ನೂ ನೀರಿಗಿಳಿಸಿತು. ಆ ಜೌಗಿನಲ್ಲಿದ್ದ ಕಪ್ಪೆಗಳನ್ನು ಕೇಳಿದರೆ ಉತ್ತರ ಬೇರೆ ಇರಬಹುದು, ಒಪ್ಪುತ್ತೇನೆ.

ನಾವು ಮಾರನೇ ದಿನ ಸೈಕಲ್ ಬಾಡಿಗೆಗೆ ತೆಗೆದುಕೊಂಡು ವೈಲ್ಡರ್‌ನೆಸ್ ಡ್ರೈವ್ ಅನ್ನುವ ಹತ್ತು ಮೈಲಿಯ ರಸ್ತೆ ಸುತ್ತಿದೆವು. ಹಳೆಯ ರೆಡ್ ಪೈನ್ ಮರಗಳ ಕೆಳಗೆ ನೆರಳು, ಕೆಂಪು ತೊಗಟೆಯ ಮೇಲೆ ಸಂಜೆಯ ಬಿಸಿಲು. ಎರಡು ಶತಮಾನ ಮೀರಿದ ಮರಗಳಿವೆ. ಬೆಂಕಿ ಕಾಯಲು ಕಟ್ಟಿದ ನೂರು ಅಡಿ ಎತ್ತರದ ಏಟನ್ ಹೈಟ್ಸ್ ಗೋಪುರ ಹತ್ತಿದರೆ ಕಾಡು ಮತ್ತು ಕೆರೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಇದೊಂದಾದರೂ ಯಾರ ಕೈಯೂ ತಾಗದ್ದು ಅಂದುಕೊಂಡೆ. ಅಲ್ಲೂ ತಪ್ಪಿದೆ! ರೆಡ್ ಪೈನ್ ಬೀಜ ಮೊಳೆಯಲು ಬರಿಮಣ್ಣು ಬೇಕು, ಬಿಸಿಲು ಬೇಕು. ಹಿಂದೆ ಆಗಾಗ ಬೀಳುತ್ತಿದ್ದ ನೆಲಮಟ್ಟದ ಬೆಂಕಿ ತರಗೆಲೆ, ಪೊದೆ ಸುಟ್ಟು ಜಾಗ ಮಾಡಿಕೊಡುತ್ತಿತ್ತು. ದಪ್ಪ ತೊಗಟೆಯ ದೊಡ್ಡ ಮರಗಳಿಗೆ ಅದರಿಂದ ಏನೂ ಆಗುತ್ತಿರಲಿಲ್ಲ. ಪಾರ್ಕಿನವರು ಕಾಡನ್ನು ಕಾಪಾಡುತ್ತೇವೆ ಅಂತ ದಶಕಗಳ ಕಾಲ ಎಲ್ಲ ಬೆಂಕಿಯನ್ನೂ ಆರಿಸಿದರು. ಅಜ್ಜ ಮರಗಳು ಉಳಿದವು, ಮೊಮ್ಮಕ್ಕಳು ಹುಟ್ಟಲಿಲ್ಲ. ಹುಟ್ಟಿದ ವೈಟ್ ಪೈನ್ ಸಸಿಗಳ ತುದಿಯನ್ನು ಜಿಂಕೆಗಳು ಚಳಿಗಾಲದಲ್ಲಿ ತಿಂದವು. ಈಗ ಅಲ್ಲಿನವರು ತಾವೇ ಲೆಕ್ಕ ಹಾಕಿ ಬೆಂಕಿ ಹಚ್ಚುತ್ತಾರೆ. ಜಿಂಕೆ ತಿನ್ನದಿರಲಿ ಅಂತ ಸಸಿಯ ತುದಿಯ ಮೊಗ್ಗಿಗೆ ಕಾಗದದ ತುಂಡು ಮಡಚಿ ಸ್ಟೇಪ್ಲರ್ ಪಿನ್ನು ಹೊಡೆಯುತ್ತಾರೆ. ಹೌದು, ಆಫೀಸಿನ ಅದೇ ಸ್ಟೇಪ್ಲರ್! ಸಾಲು ಸಾಲು ಸಸಿಗಳಿಗೆ ಬಿಳಿ ಟೊಪ್ಪಿಗೆ.

ಬ್ರೋವರ್ ಅಳೆಯದಿದ್ದರೆ, ಮೇರಿ ನಿಲ್ಲದಿದ್ದರೆ, ಆ ಹುಡುಗರು ಕಲ್ಲು ಹೊರದಿದ್ದರೆ ಅಂತ ಯೋಚಿಸುತ್ತಾ ಹೋದಂತೆ ನನ್ನ ಮೊದಲಿನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಮುಂದಿನ ಸಲ ಹೋದಾಗ ಆ ಕಲ್ಲುಗಳ ಕೆಳಗೆ ಕಾಂಕ್ರೀಟು ಕಣ್ಣಿಗೆ ಕಾಣುತ್ತದೆಯೇ ಅಂತ ಬಗ್ಗಿ ನೋಡಬೇಕು ಅಂತಿದೆ.

ಅಮ್ಮನಿಗೆ ಮಾತ್ರ ಇದನ್ನೆಲ್ಲ ಇನ್ನೂ ಹೇಳಿಲ್ಲ. ಅವತ್ತು ಅಲ್ಲಿಂದ ಒಂದು ಬಾಟಲಿ ನೀರು ತುಂಬಿಸಿಕೊಂಡು ಬಂದಿದ್ದೆ, ಊರಿಗೆ ಬರುವಾಗ ತೆಗೆದುಕೊಂಡು ಬಾ ಅಂದಿದ್ದಾರೆ. ಫ್ರಿಜ್ಜಿನಲ್ಲಿ ಹಾಲಿನ ಕ್ಯಾನಿನ ಹಿಂದೆ ಇಟ್ಟಿದ್ದೇನೆ. ರೂಮ್‌ಮೇಟ್ ಒಮ್ಮೆ ಕುಡಿಯಲು ಹೋಗಿದ್ದ, ಸದ್ಯ ನೋಡಿ ತಪ್ಪಿಸಿದೆ.